25 ಕೋಟಿ ಬಂತು ಅಂದುಕೊಳ್ಳಿ. ಬುಧವಾರ ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ?

ತೂಕದಚೀಟಿ

ಮೊನ್ನೆ ನಮ್ಮ ಕೊಡಗಿನ ಕುಟ್ಟದ ಕಡೆ ಒಂದು ಕೆಲಸಕ್ಕೆ ಹೋದವನು ಹಾಗೇ ಗಡಿ ದಾಟಿ ಕೇರಳದ ತೋಲ್ಪೆಟ್ಟಿಯಲ್ಲಿ ಓಣಂ ಬಂಪರ್ ಲಾಟರಿ ಟಿಕೆಟ್ ತಗೊಂಡೆ. 500 ರೂಪಾಯಿ. ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿ ಇಲ್ಲ. ಆದರೆ 2024ರಲ್ಲಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ವಯನಾಡಿನಲ್ಲಿ ತಗೊಂಡ ಟಿಕೆಟ್‌ಗೆ 25 ಕೋಟಿ ಬಂತಲ್ಲ, ಅಂದಿನಿಂದ ನಮ್ಮ ಆಫೀಸಿನಲ್ಲಿ ಎಲ್ಲರ ಪರ್ಸಿನಲ್ಲೂ ಒಂದೊಂದು ಇರುತ್ತದೆ.

ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ಬಂದರೆ ಏನು ಮಾಡುತ್ತೀರಿ ಅಂದಳು. ಸೊಸೈಟಿ ಸಾಲ ತೀರಿಸುತ್ತೇನೆ ಅಂದೆ. ಅಕ್ಕನ ಮನೆಗೆ ಹೊಸ ಮಾಡು (ಸೂರು) ಹಾಕಿಸುತ್ತೇನೆ ಅಂದೆ. ಮಗಳ ಓದಿಗೆ ಇಡುತ್ತೇನೆ ಅಂದೆ. "ಆಮೇಲೆ?" ಅಂದಳು. ಆಮೇಲೆ ಏನೂ ಹೊಳೆಯಲಿಲ್ಲ. ನಿಜವಾಗಿ ಹೇಳುತ್ತಿದ್ದೇನೆ, ರಾತ್ರಿ ಎರಡು ಗಂಟೆವರೆಗೆ ಮಲಗಿ ಯೋಚಿಸಿದರೂ ಏನೂ ಹೊಳೆಯಲಿಲ್ಲ. ನಾನು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೂಕ ಬರೆಯುವವನು. ಹದಿನಾರು ವರ್ಷ ಆಯಿತು. ಬೇರೆಯವರ ಮೂಟೆ ಲೆಕ್ಕ ಹಾಕಿ ಹಾಕಿ ತಲೆ ಹಾಗೇ ಆಗಿಬಿಟ್ಟಿದೆಯೋ ಏನೋ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಸಾಲ, ಮನೆ, ಕಾರು, ಫಾರಿನ್ ಟೂರು, ದೇವಸ್ಥಾನಕ್ಕೆ ದಾನ, ಎಲ್ಲ ಮುಗಿದಿದೆ. ಒಂದು ವರ್ಷ ಕಳೆದಿದೆ. ಜುಲೈ ತಿಂಗಳ ಒಂದು ಬುಧವಾರ. ಹೊರಗೆ ಮಳೆ. ಯಾರೂ ನಿಮ್ಮನ್ನು ಕಾಯುತ್ತಿಲ್ಲ. ಎದ್ದು ಏನು ಮಾಡುತ್ತೀರಿ?

ಅರ್ಧಟಿಕೆಟ್

ಬುಧವಾರ ವಿರಾಜಪೇಟೆ ಸಂತೆ ಸಾರ್. 25 ಕೋಟಿ ಬಂದರೂ ಒಣಮೀನು ತರಲು ನಾನೇ ಹೋಗಬೇಕು. ಬೇರೆ ವಾರ ಇಡಿ.

ಕುಟ್ಟಕಡೆಯವ

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. 25 ಕೋಟಿಯಲ್ಲಿ ಏಜೆಂಟ್ ಕಮಿಷನ್ 10 ಪರ್ಸೆಂಟ್ ಮೊದಲೇ ಹೋಗುತ್ತದೆ. ಉಳಿದದ್ದರಲ್ಲಿ 30 ಪರ್ಸೆಂಟ್ ತೆರಿಗೆ. ಅದರ ಮೇಲೆ ಸರ್‌ಚಾರ್ಜು, ಸೆಸ್ಸು. ಕೈಗೆ ಬರುವುದು ಹೆಚ್ಚುಕಡಿಮೆ ಅರ್ಧ. ಜೊತೆಗೆ ಇಲ್ಲಿಯವರೆಗೆ ಕಾಣದ ನೆಂಟರೆಲ್ಲ ಬರುತ್ತಾರೆ, ಅದಕ್ಕೆ ಸೆಸ್ಸು ಬೇರೆ.

ನಾನು ಪ್ರತಿ ಬಂಪರ್‌ಗೂ ತಗೊಳ್ಳುತ್ತೇನೆ. ಹನ್ನೊಂದು ವರ್ಷದಲ್ಲಿ ಒಮ್ಮೆ 500, ಒಮ್ಮೆ 1000 ಬಂದಿದೆ. ಆದರೆ ಟಿಕೆಟ್ ತಗೊಂಡ ದಿನದಿಂದ ಡ್ರಾ ದಿನದವರೆಗೆ ತೋಟದಲ್ಲಿ ಒಬ್ಬನೇ ನಡೆಯುವಾಗ ಒಂದು ಮಜಾ ಇರುತ್ತದೆ ನೋಡಿ, ಅದಕ್ಕೆ 500 ಜಾಸ್ತಿ ಅಲ್ಲ.

ಬೆಂಗಳೂರುಬಸ್

ನನ್ನ ಉತ್ತರ ರೆಡಿ ಇದೆ. ಮಡಿಕೇರಿ ಸುತ್ತಮುತ್ತ ಐದು ಎಕರೆ ಕಾಫಿ ತೋಟ, ನಡುವೆ ಹಂಚಿನ ಮನೆ, ಜಗಲಿ. ಬೆಳಿಗ್ಗೆ ಕೈಯಲ್ಲಿ ಕಾಫಿ ಹಿಡಿದು ಮಂಜು ನೋಡುತ್ತಾ ಕೂರುವುದು. ಮೊಬೈಲ್ ಇಲ್ಲ, ಮೀಟಿಂಗ್ ಇಲ್ಲ. 2020ರಲ್ಲಿ ಕಾನೂನು ಬದಲಾದ ಮೇಲೆ ರೈತರಲ್ಲದವರೂ ಜಮೀನು ತಗೊಳ್ಳಬಹುದಲ್ಲ. ಲಾಟರಿ ಇಲ್ಲದೆಯೂ ಅದಕ್ಕೇ ದುಡಿಯುತ್ತಿದ್ದೇನೆ. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಮತ್ತೆ ಕೆಲಸ ಮಾಡಬೇಕಿಲ್ಲ ಅನ್ನುವ ಒಂದು ಲೆಕ್ಕ ಇದೆ. ನಾನೀಗ 11 ಪಟ್ಟಿನಲ್ಲಿ ಇದ್ದೇನೆ.

ಗದ್ದೆಬದು

ಸಾರ್, ಆ 25 ಪಟ್ಟಿನ ಲೆಕ್ಕ ಅಮೆರಿಕದವರು ಅವರ ಷೇರು, ಬಾಂಡು ನೋಡಿ ಮಾಡಿದ್ದು. ಅದು ಮೂವತ್ತು ವರ್ಷ ಬರುವ ಲೆಕ್ಕ. ನಮ್ಮ ಬೆಲೆ ಏರಿಕೆಗೆ ತಾಳುತ್ತದೋ ಇಲ್ಲವೋ ಬೇರೆ ಮಾತು, ನೀವು ನಲವತ್ತಕ್ಕೇ ನಿಲ್ಲಿಸುವವರು ಬೇರೆ.

ಜಗಲಿ, ಮಂಜು ಎಲ್ಲ ಸರಿ. ಜುಲೈಯ ಬುಧವಾರ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಹಿಂದಿನ ರಾತ್ರಿ ಗಾಳಿಗೆ ಸಿಲ್ವರ್ ಮರ ಕರೆಂಟ್ ತಂತಿ ಮೇಲೆ ಬಿದ್ದಿದೆ. ಮೂರು ದಿನ ಕರೆಂಟ್ ಇಲ್ಲ. ಇನ್ವರ್ಟರ್ ಎರಡನೇ ದಿನವೇ ಸತ್ತಿದೆ. ಒಣಗಿದ ಬಟ್ಟೆ ಅಂತ ಮನೆಯಲ್ಲಿ ಒಂದೂ ಇಲ್ಲ. ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಒಳಬಟ್ಟೆ ಹಾಕಿದ್ದೀರಿ, ಎಲ್ಲದಕ್ಕೂ ಹೊಗೆ ವಾಸನೆ. ಮಂಜು ನೋಡಲು ಹೋದರೆ ಕಾಲ್ಬೆರಳ ಸಂದಿಯಲ್ಲಿ ಜಿಗಣೆ. ಆಳು ಬೇಕು ಅಂತ ಐದು ಫೋನ್ ಮಾಡಿದ್ದೀರಿ, ಐದೂ ಸ್ವಿಚ್ ಆಫ್. ರಾತ್ರಿ ಬಾಳೆಗೆ ಆನೆ ಬಂದು ಹೋಗಿದೆ.

ಇಷ್ಟು ಹೇಳಿದ ಮೇಲೂ ಬರುವುದಾದರೆ ಬನ್ನಿ. ಕಾಫಿ ನಾನು ಕೊಡುತ್ತೇನೆ.

ಬೆಂಗಳೂರುಬಸ್

ಹೊಗೆ ವಾಸನೆಯ ಬಟ್ಟೆ ಓದಿ ಅಜ್ಜಿ ಮನೆ ನೆನಪಾಯಿತು. ಹೆದರಿಸಲು ಬರೆದಿರೋ ಕರೆಯಲು ಬರೆದಿರೋ ಗೊತ್ತಾಗಲಿಲ್ಲ 🙂

ಬೋರ್ಡುಇದೆ

ನಾನು ಹೋಂಸ್ಟೇ ನಡೆಸುವವನು. ಹಣ ಬೇಡ ಅನ್ನುವ ದಿನ ಬಂದರೆ ಮೊದಲು ಮಾಡುವ ಕೆಲಸ ಗೇಟಿನ ಬೋರ್ಡು ಇಳಿಸುವುದು.

ತಪ್ಪು ತಿಳಿಯಬೇಡಿ. ಕಾಫಿಗೆ ಬೆಲೆಯೇ ಇಲ್ಲದ ವರ್ಷಗಳಲ್ಲಿ ಈ ನಾಲ್ಕು ಕೋಣೆಗಳೇ ನಮ್ಮ ಮನೆಗೆ ಅನ್ನ ಹಾಕಿದ್ದು. ಆದರೆ ಶನಿವಾರ ರಾತ್ರಿ ಹೆಂಡತಿ ಮಕ್ಕಳ ಜೊತೆ ಕೂತು ಉಂಡು ಏಳು ವರ್ಷ ಆಯಿತು. ನಾವು ಉಣ್ಣುವುದು ಗೆಸ್ಟು ಉಂಡ ಮೇಲೆ. ಅವರು ಉಣ್ಣುವುದು ಕ್ಯಾಂಪ್ ಫೈರ್ ಆದ ಮೇಲೆ. ಮಳೆಯಲ್ಲಿ ಕ್ಯಾಂಪ್ ಫೈರ್ ಆಗುವುದಿಲ್ಲ ಅಂದರೆ ರಿವ್ಯೂನಲ್ಲಿ ಒಂದು ಸ್ಟಾರ್ ಕಡಿಮೆ. ಒಬ್ಬರು ಜೀರುಂಡೆ ಸದ್ದು ಜಾಸ್ತಿ ಅಂತ ಬರೆದು ಎರಡು ಸ್ಟಾರ್ ಕೊಟ್ಟರು. ಜೀರುಂಡೆಗೆ ನಾನೇನು ಹೇಳಲಿ?

ಹಾಗಾದರೆ ಬುಧವಾರ ಏನು ಮಾಡುತ್ತೇನೆ? ಬುಧವಾರ ಹೇಗೂ ಗೆಸ್ಟು ಇರುವುದಿಲ್ಲ. ಕಣಿಲೆ (ಎಳೆ ಬಿದಿರು) ಸೀಸನ್ನು. ಅಮ್ಮ ಸಣ್ಣಗೆ ಹೆಚ್ಚಿ ನೀರಿನಲ್ಲಿ ನೆನೆ ಹಾಕಿರುತ್ತಾರೆ. ಅಡುಗೆಮನೆಯಲ್ಲಿ ಬೆಂಕಿ ಹತ್ತಿರ ಕೂತು ಅವರ ಹಳೇ ಕಥೆ ಕೇಳುತ್ತೇನೆ. ಇದಕ್ಕೆ 25 ಕೋಟಿ ಯಾಕೆ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಈ ಬುಧವಾರವೇ ಯಾಕೆ ಕೂರಲಿಲ್ಲ ಅಂದರೆ, ಶನಿವಾರಕ್ಕೆ ಬೆಡ್‌ಶೀಟ್ ಒಣಗಿಸುತ್ತಿದ್ದೆ.

ಹಾಫ್‌ಲೈನ್

ನಮ್ಮೂರಿಗೊಂದು ಟರ್ಫ್ ಗ್ರೌಂಡ್. ಅಷ್ಟೇ.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವಿನ ಹಾಕಿ ಶುರು ಮಾಡಿದಾಗ 60 ಟೀಮು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದವರ ಹಾಕಿ ಹಬ್ಬಕ್ಕೆ 360. ಗಿನ್ನೆಸ್‌ಗೂ ಹೋಯಿತು. ಆದರೆ ನಮ್ಮ ಟೀಮು ಎರಡನೇ ರೌಂಡ್ ದಾಟಿಲ್ಲ. ಗ್ರೌಂಡ್ ಕಟ್ಟಬಹುದು ಸಾರ್. ಒಂದೇ ಮನೆಯ ಹನ್ನೊಂದು ಜನಕ್ಕೆ ಏಪ್ರಿಲ್‌ನಲ್ಲಿ ಒಟ್ಟಿಗೆ ರಜೆ ಕೊಡಿಸಲು ಎಷ್ಟು ಕೋಟಿ ಬೇಕು? ಹೋದ ಸಲ ನಮ್ಮ ಗೋಲ್‌ಕೀಪರ್ 58 ವರ್ಷದ ಚಿಕ್ಕಪ್ಪ.

ಅರ್ಧಟಿಕೆಟ್

ನಿಮ್ಮ ಚಿಕ್ಕಪ್ಪನನ್ನು ನೋಡಿದ್ದೇನೆ. ಪೆನಾಲ್ಟಿ ಕಾರ್ನರ್ ಬಂದಾಗ ದೇವರಿಗೆ ಕೈ ಮುಗಿದು ಪಕ್ಕಕ್ಕೆ ಸರಿದು ನಿಂತರು. ಪಾಪ, ಬುದ್ಧಿವಂತರು.

ಜೇನುಗೂಡು

ನಾನು ಟೀಚರ್. ನಿವೃತ್ತಿಗೆ ಇನ್ನು ಆರು ವರ್ಷ. ಹಣದ ಚಿಂತೆ ಇಲ್ಲದಿದ್ದರೆ ಭಾಗಮಂಡಲದ ತವರಿನಲ್ಲಿ ಜೇನು ಪೆಟ್ಟಿಗೆ ಇಡುತ್ತೇನೆ. ಅಜ್ಜನ ಹತ್ತಿರ ಮೂವತ್ತಕ್ಕೂ ಜಾಸ್ತಿ ಪೆಟ್ಟಿಗೆ ಇತ್ತು, ಎಲ್ಲ ತುಡುವೆ ಜೇನು. 1991ರ ಹೊತ್ತಿಗೆ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂತು. ಮರಿಗಳು ಗೂಡಿನೊಳಗೇ ಸಾಯುತ್ತಿದ್ದವು. ಒಂದೇ ವರ್ಷದಲ್ಲಿ ಅಜ್ಜನ ಪೆಟ್ಟಿಗೆಗಳೆಲ್ಲ ಖಾಲಿ. ಅಜ್ಜ ಅದನ್ನು ಸೌದೆ ಮಾಡಲು ಬಿಡಲಿಲ್ಲ. ಅಟ್ಟದಲ್ಲಿ ಜೋಡಿಸಿಟ್ಟರು. ಈಗಲೂ ಇವೆ. ಮುಚ್ಚಳ ತೆಗೆದರೆ ಮೇಣದ ವಾಸನೆ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ, ನಮ್ಮವರು ಅದು ಇಲಿ ವಾಸನೆ ಅನ್ನುತ್ತಾರೆ.

ಒಂದು ಪೆಟ್ಟಿಗೆಗೆ ಎಷ್ಟಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ನನಗೆ ಇಲ್ಲದಿರುವುದು ಹಣ ಅಲ್ಲ. ಸಂಸಾರ ಎರಡು ದಿನ ನನ್ನನ್ನು ಬಿಟ್ಟು ನಡೆಯುತ್ತದೆ ಅನ್ನುವ ಧೈರ್ಯ.

ದೇವರಕಾಡು

ನಾನು ಜಮೀನು ತಗೊಂಡು ಏನೂ ಮಾಡದೆ ಬಿಡುತ್ತೇನೆ. ಕಾಡಾಗಲಿ. ಬ್ರಹ್ಮಗಿರಿ ತಪ್ಪಲಿನಲ್ಲಿ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ತಗೊಂಡು ಶುರು ಮಾಡಿದ ಸಾಯಿ ಅಭಯಾರಣ್ಯ ಈಗ ಸುಮಾರು 300 ಎಕರೆ. ಬಿಟ್ಟುಬಿಟ್ಟರೆ ಮರ ತಾನೇ ಬರುತ್ತದೆ, ಆನೆ ಬರುತ್ತದೆ, ತೊರೆಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ನಮ್ಮ ಹಿರಿಯರು ಇದನ್ನೇ ದೇವರ ಹೆಸರಿನಲ್ಲಿ ಮಾಡಿದ್ದರು. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡು ಇವೆ. ಹಣ ಇರುವವರು ಒಬ್ಬೊಬ್ಬರು ಒಂದೊಂದು ಹೊಸ ದೇವರಕಾಡು ಬಿಡಲಿ ನೋಡೋಣ.

ಗದ್ದೆಬದು

ನಿಮ್ಮ ಮಾತು ಚಂದ. ಆದರೆ ನಿಮ್ಮ ಬೇಲಿಯ ಈ ಕಡೆ ಇರುವವನು ನಾನು ಅಂತ ಇಟ್ಟುಕೊಳ್ಳಿ. ನೀವು ಬಿಟ್ಟ ತೋಟದಲ್ಲಿ ಹಗಲು ಮಲಗಿದ ಆನೆ ರಾತ್ರಿ ಎದ್ದು ಎಲ್ಲಿಗೆ ಬರುತ್ತದೆ? ಕಾಡಿಗೆ ಅಂಟಿಕೊಂಡ 300 ಎಕರೆ ಬೇರೆ. ಸಿದ್ದಾಪುರದ ನಡುಮಧ್ಯೆ ಐದೈದು ಎಕರೆ ಬಿಟ್ಟವರಿಂದ ನಮಗೆ ಆಗಿರುವುದು ಬೇರೆ. ಪಾಳು ಬಿದ್ದ ಗದ್ದೆಯೂ ಅಷ್ಟೇ.

ಗದ್ದೆ ಮಾತು ಬಂದದ್ದಕ್ಕೆ ನನ್ನ ಉತ್ತರವನ್ನೂ ಹೇಳುತ್ತೇನೆ. ನನಗೆ ಹಣ ಬಂದರೆ ಭತ್ತ ಬೆಳೆಯುತ್ತೇನೆ. ನಗಬೇಡಿ. ನಮ್ಮ ಮನೆಯ ಗದ್ದೆ ಮೂರೂವರೆ ಎಕರೆ. ಒಂಬತ್ತು ವರ್ಷದಿಂದ ನಾಟಿ ಇಲ್ಲ. ನಾಟಿಗೆ ಜನ ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಅಕ್ಕಿ ತಗೊಂಡರೂ ಕಡಿಮೆಗೆ ಬೀಳುತ್ತದೆ. ಲೆಕ್ಕದಲ್ಲಿ ಬಿಟ್ಟದ್ದೇ ಸರಿ. ಆದರೆ ಪುತ್ತರಿ (ಹುತ್ತರಿ, ಹೊಸ ಕದಿರು ತರುವ ಹಬ್ಬ) ದಿನ ಏನಾಗುತ್ತದೆ ಗೊತ್ತಾ? ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಇಟ್ಟುಕೊಡುತ್ತಾರೆ. ಆ ಹೊತ್ತಿಗೆ ನೆರೆಕಟ್ಟಿ (ಎಲೆಗಳ ಕಟ್ಟು ಮಾಡಿ), ದೀಪ ಹಿಡಿದು, ಕೊಡವ ಉಡುಪು ಹಾಕಿಕೊಂಡು ಹೊರಡುತ್ತೇವೆ. ಎಲ್ಲಿಗೆ? ಪಕ್ಕದ ಊರಿನವರ ಗದ್ದೆಗೆ. ಅವರಲ್ಲಿ ಮೊದಲೇ ಹೇಳಿ ಒಪ್ಪಿಸಿರುತ್ತೇವೆ. ಅಲ್ಲಿ "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ತೆಗೆದು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಮನೆಗೆ ಬರುತ್ತೇವೆ. ಹೋದ ವರ್ಷ ನನ್ನ ಮಗ, ಎಂಟು ವರ್ಷ, ದಾರಿಯಲ್ಲಿ ಕೇಳಿದ, "ಅಪ್ಪ, ಇದು ನಾವು ತಗೊಂಡದ್ದಾ, ಕೇಳಿ ತಂದದ್ದಾ?"

ಹಾಗಾಗಿ ಬುಧವಾರ ನಾನು ಗದ್ದೆಯಲ್ಲಿ ಇರುತ್ತೇನೆ. ಜುಲೈ ನಾಟಿ ಕಾಲ, ಸರಿಯಾಗಿಯೇ ಬರುತ್ತದೆ. ಎಕರೆಗೆ ಎಷ್ಟು ನಷ್ಟ ಅಂತ ಯಾರೂ ನನ್ನನ್ನು ಕೇಳಬಾರದು.

ದೇವರಕಾಡು

ಆನೆ ವಿಷಯದಲ್ಲಿ ಒಪ್ಪಿದೆ. ಕಾಡಿನ ಅಂಚಿನಲ್ಲೇ ಹುಡುಕುತ್ತೇನೆ. ಭತ್ತದ ವಿಷಯದಲ್ಲಿ, ನಷ್ಟ ಎಷ್ಟು ಅಂತ ಕೇಳುವುದಿಲ್ಲ, ನಾಟಿಗೆ ಬರುತ್ತೇನೆ. ಕೂಲಿ ಬೇಡ, ಊಟಕ್ಕೆ ಕೋಳಿ ಇರಲಿ.

ಮಳೆಲೆಕ್ಕ

ನಾನು ಸಾಮಾನ್ಯವಾಗಿ ಓದುತ್ತೇನೆ, ಬರೆಯುವುದಿಲ್ಲ. ಟೈಪ್ ನಿಧಾನ. ತಪ್ಪಿದ್ದರೆ ತಿದ್ದಿಕೊಳ್ಳಿ.

ನನ್ನ ವಯಸ್ಸು 71. 2000ದಲ್ಲಿ ಸೇನೆಯಿಂದ ಬಂದೆ. ಪಿಂಚಣಿ ಇದೆ. ಆರು ಎಕರೆ ರೋಬಸ್ಟಾ ಇದೆ. ಮಗಳು ಪುಣೆ, ಮಗ ಕೆನಡಾ. ನೀವು ಕೇಳುವ ಸ್ಥಿತಿಯಲ್ಲಿ ನಾನು ಈಗಾಗಲೇ ಇದ್ದೇನೆ. 25 ಕೋಟಿ ಇಲ್ಲ. ಆದರೆ ಹಣದ ಚಿಂತೆ ಇಲ್ಲ. ಹಾಗಾಗಿ ಏನಾಗುತ್ತದೆ ಅಂತ ಹೇಳಬಲ್ಲೆ.

ಮೊದಲ ಆರು ತಿಂಗಳು ನಿದ್ದೆ ಮಾಡಿದೆ. ಬಿಗಲ್ ಇಲ್ಲ, ಪರೇಡ್ ಇಲ್ಲ. ಏಳನೇ ತಿಂಗಳು ಮನೆಯವಳಿಗೆ ಬೆಳಿಗ್ಗೆ ಪಾತ್ರೆ ತೊಳೆಯುವುದು ಹೇಗೆ ಅಂತ ಹೇಳಿಕೊಡಲು ಶುರು ಮಾಡಿದೆ. ಅವಳು ಒಂದು ದಿನ ಸೌಟು ಕೆಳಗಿಟ್ಟು, "ನೀವು ಮತ್ತೆ ಸೇನೆಗೆ ಹೋಗಿ" ಅಂದಳು.

ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಸಾಹೇಬರು 1953ರಲ್ಲಿ ನಿವೃತ್ತರಾದರು. 1993ರವರೆಗೆ ಇದ್ದರು. ನಡುವೆ ಆಸ್ಟ್ರೇಲಿಯಾದಲ್ಲಿ ಹೈಕಮಿಷನರ್ ಆಗಿದ್ದರು, ಆಮೇಲೆ ಮಡಿಕೇರಿಯ ತಮ್ಮ ಮನೆ ರೋಷನಾರಕ್ಕೆ ಬಂದರು. ಸೇನೆಯಲ್ಲಿ ಇದ್ದದ್ದಕ್ಕಿಂತ ಆಮೇಲಿನ ವರ್ಷಗಳೇ ಜಾಸ್ತಿ. ಇದನ್ನು ನಾನು ನಿವೃತ್ತಿಯ ದಿನ ಯೋಚಿಸಿರಲಿಲ್ಲ. ನನ್ನದೂ ಈಗ 25 ವರ್ಷ ದಾಟಿದೆ.

ನನ್ನನ್ನು ಉಳಿಸಿದ್ದು ಮಳೆ ಪುಸ್ತಕ. ನಮ್ಮ ತಂದೆ 1962ರಿಂದ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಮಳೆ ಅಳೆದು ಬರೆಯುತ್ತಿದ್ದರು. ಇಂಚು, ಸೆಂಟು (ಇಂಚಿನ ನೂರರಲ್ಲಿ ಒಂದು ಭಾಗ). ತೋಟ ಇರುವವರ ಮನೆಯಲ್ಲೆಲ್ಲ ಇರುವ ಅಭ್ಯಾಸ, ದೊಡ್ಡ ವಿಷಯ ಅಲ್ಲ. ಅವರು ಹೋದ ಮೇಲೆ ಪುಸ್ತಕ ನಿಂತಿತ್ತು. ನಾನು ಮತ್ತೆ ಶುರು ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಎದ್ದು ಹೊರಗೆ ಹೋಗಲೇಬೇಕು. ಮಳೆ ಬರದಿದ್ದರೂ ಹೋಗಬೇಕು, ಸೊನ್ನೆ ಅಂತ ಬರೆಯಬೇಕಲ್ಲ. ಅಷ್ಟೇ ನನ್ನ ಬುಧವಾರ. ಗುರುವಾರವೂ ಅದೇ.

ಒಟ್ಟು ಹದಿನೇಳು ಪುಸ್ತಕ ಇವೆ. 2018ರ ಆಗಸ್ಟ್ 16, 17ರ ಜಾಗ ಖಾಲಿ. ಆ ಎರಡು ದಿನ ಮಾಪಕ ತುಂಬಿ ಹರಿದಿರಬೇಕು. ನಾನು ನೋಡಲಿಲ್ಲ. ಗುಡ್ಡ ಕುಸಿದ ಮಕ್ಕಂದೂರಿನ ಕಡೆಯ ನೆಂಟರನ್ನು ಹುಡುಕಿಕೊಂಡು ಹೋಗಿದ್ದೆ. ಸಿಕ್ಕಿದರು. ಅವರ ಮನೆ ಸಿಗಲಿಲ್ಲ.

ಕುಟ್ಟಕಡೆಯವ

ಅಂಕಲ್, ಕಾಫಿ ಹೂ ಅರಳಿಸುವ ಹೂಮಳೆ ಲೆಕ್ಕವೂ ಇರುತ್ತದಲ್ಲ ಅದರಲ್ಲಿ? ಫೆಬ್ರವರಿ, ಮಾರ್ಚ್‌ದು? ಹಿಂದೆ ಯಾವ ತಾರೀಖಿಗೆ ಬರುತ್ತಿತ್ತು, ಈಗ ಯಾವಾಗ ಬರುತ್ತದೆ ನೋಡಬಹುದು. ನಾವೆಲ್ಲ ಸುಮ್ನೆ "ಮೊದಲೆಲ್ಲ ಹೀಗಿರಲಿಲ್ಲ" ಅನ್ನುತ್ತೇವೆ, ಯಾರ ಹತ್ತಿರವೂ ಬರೆದಿಟ್ಟದ್ದು ಇಲ್ಲ.

ಮಳೆಲೆಕ್ಕ

ಎಲ್ಲ ಇದೆ. ನೋಡುವವರು ಇಲ್ಲ. ಮಗನಿಗೆ ಹೇಳಿದೆ, ಫೋಟೋ ತೆಗೆದು ಕಳಿಸಿ ಅಂದ. ಮೂರು ಪುಟ ತೆಗೆದೆ, ಕೈ ನಡುಗಿ ಅಕ್ಷರ ಕಾಣಲಿಲ್ಲ.

ಲೈನ್‌ಮನೆಹುಡುಗಿ

ಎಲ್ಲರದ್ದೂ ಓದಿದೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾನು ಮೈಸೂರಿನಲ್ಲಿ ನರ್ಸ್. ಅಮ್ಮ ಅಮ್ಮತ್ತಿ ಕಡೆ ತೋಟದಲ್ಲಿ ಕೆಲಸ. ನಾನು ಹುಟ್ಟಿದ್ದು, ಓದಿದ್ದು ಎಲ್ಲ ಲೈನ್ ಮನೆಯಲ್ಲೇ, ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆ. ಇಲ್ಲಿ ತೋಟದ ಮಾತು ಬಂದಾಗಲೆಲ್ಲ "ಆಳು ಸಿಗುವುದಿಲ್ಲ" ಅಂತ ಇರುತ್ತದೆ. ಆ ಆಳುಗಳು ನಾವೇ, ಅದಕ್ಕೇ ಹೇಳಿದೆ. ಸಿಟ್ಟಿನಿಂದ ಅಲ್ಲ.

ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಈ ಪ್ರಶ್ನೆ ಕೇಳಿದೆ. ಮೊದಲು ನಕ್ಕರು. ಆಮೇಲೆ, "ಬುಧವಾರ ಮಳೆ ಇದ್ದರೆ ಮಲಗುತ್ತೇನೆ. ಏಳೂವರೆಗೆ ರೈಟರ್ ಕರೆಯಬಾರದು" ಅಂದರು. ರೈಟರ್ ಅಂದರೆ ತೋಟದ ಮೇಸ್ತ್ರಿ, ಹಾಜರಿ ಬರೆಯುವವರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲಿಗೆ ನನ್ನದೇ ಬೀಗ ಬೇಕು ಅಂದರು. ಬೀಗ ಅಂದರೆ ಏನು ಅಂತ ಲೈನ್ ಮನೆಯಲ್ಲಿ ಬೆಳೆದವರಿಗೆ ಗೊತ್ತು. ತೋಟದ ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಪೈಸಾರಿಯಲ್ಲಿ (ಸರ್ಕಾರಿ ಜಮೀನಿನಲ್ಲಿ) ಒಂದು ತುಂಡು ಜಾಗಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು ಎಷ್ಟೋ ಜನ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ನಾನು ಪಿಯುಸಿಯಲ್ಲಿದ್ದೆ. ಅಮ್ಮ ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ನಮ್ಮ ಗುಡಿಸಲು ಅಲ್ಲ ಅದು. ಆದರೂ.

ಅಪ್ಪನಿಗೆ ಎದೆನೋವು ಬಂದ ರಾತ್ರಿ ಮೈಸೂರಿಗೆ ಬರಬೇಕಾಯಿತು. ನೂರು ಚಿಲ್ಲರೆ ಕಿಲೋಮೀಟರ್. ತಿತಿಮತಿ ಕಾಡು ದಾಟುವಾಗ ಅಪ್ಪ ನನ್ನ ಕೈ ಬಿಟ್ಟರು. 2019ರಲ್ಲಿ ಕೊಡಗಿಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಎಲ್ಲರೂ ಟ್ವಿಟರ್‌ನಲ್ಲಿ ಬರೆದರಲ್ಲ, ಆಗ ನಾನೂ ಬರೆದಿದ್ದೆ. ಹಾಗಾಗಿ ನನ್ನ 25 ಕೋಟಿ ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ. ಅದು ದಾನ, ರೂಲ್ಸ್‌ಗೆ ವಿರುದ್ಧ, ಗೊತ್ತು.

ಅಮ್ಮ ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದರು. "ನನ್ನ ಬುಧವಾರ ಜುಲೈಯಲ್ಲಿ ಬೇಡ, ಮಾರ್ಚ್‌ನಲ್ಲಿ ಇಡು. ಮೂವತ್ತು ವರ್ಷ ಕಾಫಿ ಕುಯ್ದಿದ್ದೇನೆ. ಹೂ ಬಂದಾಗ ಒಂದು ದಿನವೂ ಸುಮ್ನೆ ನಿಂತು ನೋಡಿಲ್ಲ."

ಬೋರ್ಡುಇದೆ

ನನ್ನ ಗೆಸ್ಟುಗಳು ಮಾರ್ಚ್‌ನಲ್ಲಿ ಹೂ ನೋಡಲೆಂದೇ ಬರುತ್ತಾರೆ. ಒಂದು ರಾತ್ರಿಗೆ ಇಷ್ಟು ಅಂತ ಕೊಡುತ್ತಾರೆ. ಇದಕ್ಕಿಂತ ಜಾಸ್ತಿ ಬರೆಯಲು ಗೊತ್ತಾಗುತ್ತಿಲ್ಲ ತಂಗಿ.

ಗದ್ದೆಬದು

ಜೋರಾಗಿ ಓದಿ ಮನೆಯವಳಿಗೆ ಕೇಳಿಸಿದೆ. ನಮ್ಮಲ್ಲಿ ಆರು ಲೈನ್ ಮನೆ ಇವೆ. "ಒಂದರ ಮಾಡು ಸೋರುತ್ತಿದೆ ಅಂತ ಜೂನ್‌ನಲ್ಲೇ ಹೇಳಿದ್ದೆ" ಅಂದಳು. ನಾನು ಮರೆತಿದ್ದೆ. ಕಾಫಿಗೆ ಬೆಲೆ ಬಂದ ಈ ಎರಡು ವರ್ಷದಲ್ಲಿ ಪಿಕಪ್ ಹೊಸತು ತಗೊಂಡಿದ್ದೇನೆ.

ಜೇನುಗೂಡು

ತೂಕದಚೀಟಿ ಅವರೇ, ಪ್ರಶ್ನೆ ಕೇಳಿದವರು ನೀವು. ಎಲ್ಲರ ಬಾಯಿ ಬಿಡಿಸಿ ನೀವು ಮಾತ್ರ ಸುಮ್ಮನಿದ್ದೀರಿ. ನಿಮ್ಮ ಬುಧವಾರ ಎಲ್ಲಿ?

ತೂಕದಚೀಟಿ

ಮೇಡಂ, ಡ್ರಾ ಆಗಲಿ ಅಂತ ಕಾಯುತ್ತಿದ್ದೆ. ನಿನ್ನೆ ಆಯಿತು. ನನ್ನದಕ್ಕೆ ಕೊನೆಯ ನಾಲ್ಕು ಅಂಕಿಯ ಬಹುಮಾನ ಕೂಡ ಇಲ್ಲ. ಟಿಕೆಟ್ ಮಗಳ ಕಂಪಾಸ್ ಬಾಕ್ಸಿನಲ್ಲಿದೆ, ಚಂದ ಇದೆ ಅಂತ ಇಟ್ಟುಕೊಂಡಿದ್ದಾಳೆ.

ಮಳೆಲೆಕ್ಕ ಅಂಕಲ್, ಒಂದು ವಿಷಯ. ನನಗೆ ಬರುವುದು ಒಂದೇ ಕೆಲಸ, ಅಂಕಿ ನೋಡಿ ತಪ್ಪಿಲ್ಲದೆ ಬರೆಯುವುದು. ದಿನಕ್ಕೆ ನಾನೂರು, ಐನೂರು ಸಾಲು ಬರೆಯುತ್ತೇನೆ. ನನಗೆ ಈ ವರ್ಷ ಇನ್ನೂ ಹನ್ನೊಂದು ಸಿಎಲ್ ಬಾಕಿ ಇದೆ. ಹಾರ್ವೆಸ್ಟ್ ಶುರುವಾದರೆ ರಜೆ ಕೊಡುವುದಿಲ್ಲ. ಬರುವ ಬುಧವಾರ ಲ್ಯಾಪ್‌ಟಾಪ್ ತಗೊಂಡು ಬರಲಾ?

ಮಳೆಲೆಕ್ಕ

ಬನ್ನಿ. ಗೇಟಿನಲ್ಲಿ ನಾಯಿ ಇದೆ, ಕೂಗಿ. ಊಟ ಇಲ್ಲೇ.

ಅರ್ಧಟಿಕೆಟ್

ಬುಧವಾರ ಸಂತೆ ಅಂತ ನಾನು ಮೊದಲೇ ಹೇಳಿದ್ದೆ. ಅಂಕಲ್ ಮನೆಗೆ ಒಣಮೀನು ಬೇಕಾದರೆ ಹೇಳಿ.

ತೂಕದಚೀಟಿ

ಹೋಗಿ ಬಂದೆ. ಎಲ್ಲರೂ ಕೇಳುತ್ತಿದ್ದೀರಿ ಅಂತ ಬರೆಯುತ್ತಿದ್ದೇನೆ.

ಹದಿನೇಳು ಪುಸ್ತಕದಲ್ಲಿ ಒಂದೂ ಮುಗಿಯಲಿಲ್ಲ. 1962 ಜನವರಿಯಿಂದ 1964 ಮೇವರೆಗೆ ಆಯಿತು. ಶಾಯಿ ಅಲ್ಲಲ್ಲಿ ಹರಡಿದೆ, ಒಂದು ಪುಟವನ್ನು ಗೆದ್ದಲು ತಿಂದಿದೆ. ಅಂಕಲ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ನಾನು ಒಂದು ಸಾಲು ಬರೆದರೆ ಅವರು ಅದರ ಬಗ್ಗೆ ಹತ್ತು ನಿಮಿಷ ಹೇಳುತ್ತಾರೆ. ಈ ಮಳೆಯಲ್ಲಿ ಯಾವ ಸೇತುವೆ ಹೋಯಿತು, ಆ ವಾರ ಯಾವ ಹಸು ಸತ್ತಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ (ಒಟ್ಟು ಸಂಗ್ರಹಕ್ಕೇ) ಕೊಡಬೇಕಾಗಿದ್ದ ಕಾಲ, ಹಣ ಕಂತು ಕಂತಾಗಿ ಬರುತ್ತಿತ್ತಂತೆ. ಕಂತು ಬಂದ ದಿನ ಅವರ ತಂದೆ ಮಳೆಯನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಆಂಟಿ ನಡುನಡುವೆ ಬಂದು, "ಅವರನ್ನು ಬರೆಯಲು ಬಿಡಿ" ಅಂತ ಗದರಿ ಹೋಗುತ್ತಿದ್ದರು. ಮಧ್ಯಾಹ್ನ ಅಕ್ಕಿ ರೊಟ್ಟಿ, ಅಣಬೆ ಸಾರು. ಎಡಗಾಲಿಗೆ ಎರಡು ಜಿಗಣೆ, ಅದು ಅಂಗಳ ದಾಟಿದ್ದಕ್ಕೆ.

ಸಾಯಂಕಾಲ ಆರು ಗಂಟೆ ಆದದ್ದೇ ಗೊತ್ತಾಗಲಿಲ್ಲ. ಮನೆಗೆ ಬಂದಾಗ ಹೆಂಡತಿ, ಆಫೀಸಿನಲ್ಲಿ ಮಾಡುವುದನ್ನೇ ರಜೆ ಹಾಕಿ ಮಾಡಿ ಬಂದಿರಾ ಅಂದಳು. ಹೌದು. ಅದನ್ನೇ.

ಬರುವ ಬುಧವಾರವೂ ಹೋಗುತ್ತೇನೆ. ಅಂಕಲ್, ಒಂದು ಅನುಮಾನ ಉಳಿಯಿತು. ಕೆಲವು ತಾರೀಖಿನ ಎದುರು ಪೆನ್ಸಿಲ್‌ನಲ್ಲಿ ಸಣ್ಣದಾಗಿ "ನೆಂ" ಅಂತ ಇದೆ. ಮಳೆಗೂ ಅದಕ್ಕೂ ಹೊಂದುತ್ತಿಲ್ಲ. ಏನದು?

ಮಳೆಲೆಕ್ಕ

ನೆಂಟರು ಬಂದ ದಿನ. ತಂದೆ ಹಾಕುತ್ತಿದ್ದರು, ನಾನೂ ಹಾಕುತ್ತೇನೆ. ನೀನು ಬಂದ ದಿನಕ್ಕೂ ಹಾಕಿದ್ದೇನೆ. ಅವತ್ತು 1 ಇಂಚು 35 ಸೆಂಟ್.

ಕುಟ್ಟಕಡೆಯವ

ನಮ್ಮಲ್ಲಿ ಅವತ್ತು 90 ಸೆಂಟ್. ಇವತ್ತು ಬೆಳಿಗ್ಗೆಯಿಂದ ಬಿಟ್ಟಿಲ್ಲ, ಕಾಯಿ ಉದುರಲು ಶುರುವಾಗಿದೆ. ಉಳಿದ ಕಡೆ ಹೇಗಿದೆ?

ಗದ್ದೆಬದು

ಇಲ್ಲಿ 1 ಇಂಚು 10. ಮಾಡಿನ ಕೆಲಸಕ್ಕೆ ಶೀಟು ತಂದು ಇಟ್ಟಿದ್ದೇನೆ, ಮಳೆ ಒಂದು ದಿನ ಬಿಡಬೇಕು.